ಐದು ಒಲಿಂಪಿಕ್ಸ್, ಐದು ಪದಕ: ದೆಜೋ ಗ್ಯಾರ್ಮತಿ ಆಟದ ಬಗ್ಗೆ ಮಾತಾಡೋಣ ಬನ್ನಿ

ಕೆರೆ ಏರಿ

ವಾಟರ್ ಪೋಲೋ, ಅಂದರೆ ಕೊಳದಲ್ಲಿ ಈಜುತ್ತ ಚೆಂಡನ್ನು ಎದುರಿನವರ ಗೋಲಿಗೆ ಹೊಡೆಯುವ ಆಟ. ಅದರ ಹೆಸರು ಎತ್ತಿದ ಕೂಡಲೇ ಎಲ್ಲರೂ ಒಂದೇ ಫೋಟೋ ತೆಗೆದು ತೋರಿಸುತ್ತಾರೆ. 1956, ಮೆಲ್ಬರ್ನ್ ಒಲಿಂಪಿಕ್ಸ್, ಸೋವಿಯತ್ ತಂಡದ ಎದುರಿನ ಪಂದ್ಯ. ಹಂಗೇರಿಯ ಎರ್ವಿನ್ ಜಾದೋರ್ ಕಣ್ಣಿನ ಹತ್ತಿರ ಸೀಳಿಸಿಕೊಂಡು, ಮುಖದ ತುಂಬ ರಕ್ತ ಸುರಿಸಿಕೊಂಡು ನಿಂತಿರುವ ಫೋಟೋ. ನಾನೂ ಈ ಆಟಕ್ಕೆ ಬಂದಿದ್ದು ಆ ಫೋಟೋ ನೋಡಿಯೇ. ಆದರೆ ಅವತ್ತು ಅದೇ ನೀರಿನಲ್ಲಿ ಆ ತಂಡದ ನಾಯಕನಾಗಿ ಆಡಿದವರ ಹೆಸರು ಕೇಳಿದರೆ ಯಾರಿಗೂ ಗೊತ್ತಿರುವುದಿಲ್ಲ. ಇದು ನನಗೆ ತುಂಬಾ ದಿನದಿಂದ ಮನಸ್ಸಿಗೆ ಚುಚ್ಚುತ್ತಿದೆ, ಅದಕ್ಕೇ ಈ ಎಳೆ ಶುರು ಮಾಡುತ್ತಿದ್ದೇನೆ.

ದೆಜೋ ಗ್ಯಾರ್ಮತಿ. ಹುಟ್ಟಿದ್ದು 1927ರ ಅಕ್ಟೋಬರ್ 23ರಂದು, ಹಂಗೇರಿಯ ಮಿಶ್ಕೋಲ್ಸ್ ಊರಿನಲ್ಲಿ. 1948ರ ಲಂಡನ್‌ನಲ್ಲಿ ಬೆಳ್ಳಿ. ಆಗ ವಯಸ್ಸು ಬರೀ 20. 1952ರ ಹೆಲ್ಸಿಂಕಿಯಲ್ಲಿ ಚಿನ್ನ, 1956ರಲ್ಲಿ ಮತ್ತೆ ಚಿನ್ನ, 1960ರ ರೋಮ್‌ನಲ್ಲಿ ಕಂಚು, 1964ರ ಟೋಕಿಯೋದಲ್ಲಿ ಮತ್ತೊಮ್ಮೆ ಚಿನ್ನ. ಒಂದೂ ಬಿಡದ ಹಾಗೆ ಐದು ಒಲಿಂಪಿಕ್ಸ್, ಐದಕ್ಕೆ ಐದೂ ಪದಕ. ವಾಟರ್ ಪೋಲೋದಲ್ಲಿ ಇವತ್ತಿನವರೆಗೂ ಇನ್ನೊಬ್ಬರಿಗೆ ಅಷ್ಟು ಪದಕ ಬಂದಿಲ್ಲ. ನಡುವೆ 1954 ಮತ್ತು 1962ರ ಯುರೋಪಿಯನ್ ಚಾಂಪಿಯನ್‌ಶಿಪ್ ಕೂಡ ಇದೆ.

ಪದಕದ ಲೆಕ್ಕ ಬಿಡಿ, ಅದು ಎಲ್ಲಾದರೂ ಸಿಗುತ್ತದೆ. ನಾನು ಹೇಳಬೇಕು ಅಂತಿರುವುದು ಬೇರೆ. ಅವರಿಗೆ ಎರಡೂ ಕೈ ಒಂದೇ ಥರ ಓಡುತ್ತಿತ್ತು. ಬಲಗೈಯಲ್ಲಿ ಎಷ್ಟು ಜೋರಾಗಿ ಹೊಡೆಯುತ್ತಿದ್ದರೋ ಎಡಗೈಯಲ್ಲೂ ಅಷ್ಟೇ ಜೋರು. ಮುಂದೆ ನಿಂತು ಗೋಲು ಹೊಡೆಯಲೂ ಸೈ, ಹಿಂದೆ ನಿಂತು ಎದುರಾಳಿಯನ್ನು ಕಟ್ಟಿಹಾಕಲೂ ಸೈ. 20ನೇ ವಯಸ್ಸಿನಿಂದ 37ರ ಹೊಸ್ತಿಲವರೆಗೆ ಆ ಮಟ್ಟದಲ್ಲಿ ಉಳಿಯಲು ಆಗಿದ್ದು ಇದರಿಂದಲೇ ಅಂತ ನನ್ನ ನಂಬಿಕೆ.

ನಾನು ಕಾಲೇಜಿನಲ್ಲಿದ್ದಾಗ ಮೂರು ವರ್ಷ ಬೆಂಗಳೂರಿನಲ್ಲಿ ಆಡಿದ್ದೇನೆ. ದೊಡ್ಡ ಆಟಗಾರ ಏನಲ್ಲ, ಆದರೆ ಆ ನೀರು ಕುಡಿದಿದ್ದೇನೆ. ನಿಮಗೆ ಗೊತ್ತಿರುವುದನ್ನೂ ಬರೆಯಿರಿ.

ಸೋರೆಬುರುಡೆ

ಒಳ್ಳೆ ವಿಷಯ ತೆಗೆದಿದ್ದೀರಿ. ನನಗೆ ಈ ಆಟದ ಗಂಧ ಗಾಳಿ ಇಲ್ಲ. ನಾನು ಈಜು ಕಲಿತಿದ್ದು ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು, ಊರ ಬಾವಿಯಲ್ಲಿ. ಹಾಗಾಗಿ ಕೇಳುತ್ತೇನೆ, ಎರಡು ಕೈಯಲ್ಲಿ ಹೊಡೆದರೆ ಅಷ್ಟು ದೊಡ್ಡ ವಿಷಯ ಹೇಗಾಗುತ್ತದೆ? ಕ್ರಿಕೆಟ್‌ನಲ್ಲಿ ಎರಡು ಕೈಯಲ್ಲಿ ಬೌಲಿಂಗ್ ಮಾಡುವವರು ಇದ್ದಾರೆ, ಅವರೇನು ಎಲ್ಲರಿಗಿಂತ ದೊಡ್ಡವರಾಗಿಲ್ಲ ಅಲ್ವಾ?

ಕೆರೆ ಏರಿ

ಸರಿಯಾದ ಪ್ರಶ್ನೆ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನೆಲದ ಮೇಲೆ ನಿಂತಿದ್ದರೆ ಎರಡು ಹೆಜ್ಜೆ ಪಕ್ಕಕ್ಕೆ ಇಟ್ಟು ಕೋನ ಸರಿಮಾಡಿಕೊಳ್ಳಬಹುದು. ನೀರಿನಲ್ಲಿ ಆ ಸೌಲಭ್ಯ ಇಲ್ಲ. ಕಾಲಿಗೆ ನೆಲ ಸಿಗಬಾರದು, ಸಿಕ್ಕರೂ ಊರುವ ಹಾಗಿಲ್ಲ. ಕಾಲು ಎರಡೂ ಮಜ್ಜಿಗೆ ಕಡೆದ ಹಾಗೆ ಸುತ್ತುತ್ತಲೇ ಇರಬೇಕು, ಆಗಲೇ ಎದೆ ಮೇಲಕ್ಕೆ ಬರುವುದು. ಚೆಂಡನ್ನು ಒಂದೇ ಕೈಯಲ್ಲಿ ಹಿಡಿಯಬೇಕು, ಗೋಲ್‌ಕೀಪರ್‌ಗೆ ಮಾತ್ರ ಎರಡು ಕೈ. ಈಗ ನೀವು ಗೋಲಿಗೆ ಮುಖ ಮಾಡಿ, ಬಲಗಡೆ ಮೂಲೆಯಲ್ಲಿ ಇದ್ದೀರಿ ಅಂದುಕೊಳ್ಳಿ. ನೀವು ಬಲಗೈಯವರಾದರೆ ಚೆಂಡು ಹಿಡಿದ ಕೈ ಕೊಳದ ಅಂಚಿನ ಕಡೆ ಇರುತ್ತದೆ. ಅಲ್ಲಿಂದ ಗೋಲು ನೋಡಿದರೆ ಕಿಂಡಿಯಷ್ಟೇ ಕಾಣುತ್ತದೆ. ಅದೇ ಎಡಗೈಯವನಿಗೆ ಚೆಂಡು ಕೊಳದ ನಡುವಿನ ಕಡೆ ಬರುತ್ತದೆ, ಗೋಲು ಬಾಗಿಲು ತೆರೆದ ಹಾಗೆ ಕಾಣುತ್ತದೆ. ಅದಕ್ಕೇ ಇವತ್ತಿಗೂ ಪ್ರತಿ ತಂಡ ಒಬ್ಬ ಎಡಗೈಯವನನ್ನು ಹುಡುಕಿಕೊಂಡು ಹೋಗುತ್ತದೆ.

ಇನ್ನೊಂದು ಇದೆ. ನಿಮ್ಮನ್ನು ಕಾಯುವವನು ನಿಮ್ಮ ಹೊಡೆಯುವ ಕೈಯ ಮೇಲೇ ಕೂತಿರುತ್ತಾನೆ. ಭುಜದ ಹಿಂದಿನಿಂದ ತಬ್ಬಿಕೊಂಡು, ನೀರಿನ ಕೆಳಗೆ ಚಡ್ಡಿ ಹಿಡಿದುಕೊಂಡು, ಆ ಒಂದು ಕೈ ಮೇಲೇಳದ ಹಾಗೆ ನೋಡಿಕೊಳ್ಳುತ್ತಾನೆ. ಅವನ ಕೆಲಸ ಅಷ್ಟೇ. ಈಗ ಆ ಆಟಗಾರ ಚೆಂಡನ್ನು ಆ ಕಡೆ ಕೈಗೆ ದಾಟಿಸಿ ಅಷ್ಟೇ ಜೋರಾಗಿ ಹೊಡೆಯಬಲ್ಲ ಅಂದರೆ, ಯಾವ ಕೈಯನ್ನು ಕಾಯುವುದು?

ನಮ್ಮಲ್ಲಿ ಸವ್ಯಸಾಚಿ ಅಂತ ಒಂದು ಪದ ಇದೆ. ಈಗ ಕಥೆ ಬರೆದು ಪದ್ಯವನ್ನೂ ಬರೆದವರಿಗೆಲ್ಲ ಸುಮ್ನೆ ಹಚ್ಚುತ್ತೇವೆ. ಆ ಪದದ ನಿಜವಾದ ಅರ್ಥಕ್ಕೆ ತಕ್ಕವರು ಈ ಮನುಷ್ಯ.

ಎಡಗೈ ಹುಡುಗಿ

ಇದನ್ನು ಓದಿ ನನಗೆ ಬರೆಯಲೇಬೇಕು ಅನ್ನಿಸಿತು. ನಾನು ಹುಟ್ಟು ಎಡಚಿ. ಚಿಕ್ಕವಳಿದ್ದಾಗ ಎಡಗೈಯಲ್ಲಿ ತುತ್ತು ಎತ್ತಿದರೆ ಅಜ್ಜಿ ಕೈ ಮೇಲೆ ಪಟ್ಟನೆ ಹೊಡೆಯುತ್ತಿದ್ದರು. ಸ್ಲೇಟಿನ ಮೇಲೆ ಬರೆಯುವಾಗಲೂ ಅಷ್ಟೇ. ಕೊನೆಗೆ ಊಟ, ಬರವಣಿಗೆ ಬಲಗೈಗೆ ಬಂತು. ಕಲ್ಲು ಎಸೆಯುವುದು, ಬಾಗಿಲು ತಳ್ಳುವುದು, ತೆಂಗಿನಕಾಯಿ ತುರಿಯುವುದು ಎಡಗೈಯಲ್ಲೇ ಉಳಿಯಿತು. ಶಾಲೆಯಲ್ಲಿ ಥ್ರೋಬಾಲ್ ಆಡುವಾಗ ನಾನು ಯಾವ ಕೈಯಲ್ಲಿ ಎಸೆಯುತ್ತೇನೆ ಅಂತ ಎದುರಿನವರಿಗೆ ಗೊತ್ತೇ ಆಗುತ್ತಿರಲಿಲ್ಲ. ಆ ಅರ್ಧ ಕ್ಷಣ ಅವರು ತಡವರಿಸುತ್ತಿದ್ದರಲ್ಲ, ಆ ಮುಖ ನನಗೆ ಇವತ್ತಿಗೂ ನೆನಪಿದೆ. ಗ್ಯಾರ್ಮತಿ ಎದುರು ಇದ್ದವರ ಮುಖವೂ ಹಾಗೇ ಆಗಿರಬೇಕು.

ದಾನ್ಯೂಬ್ ದಂಡೆ

ನಾನು ಕೆಲಸದ ಮೇಲೆ ಬುಡಾಪೆಸ್ಟ್‌ನಲ್ಲಿದ್ದೇನೆ. ನಮ್ಮ ಜನ ಇಲ್ಲಿಯ ಮಾತು ಬರೆಯುವುದು ನೋಡಿ ಖುಷಿಯಾಯಿತು.

ಮೊದಲು ಹೆಸರು. ಇಲ್ಲಿ ಮನೆ ಹೆಸರು ಮೊದಲು ಬರುತ್ತದೆ. ಗ್ಯಾರ್ಮತಿ ದೆಜೋ ಅನ್ನುತ್ತಾರೆ. ಆ ಮೊದಲ ಅಕ್ಷರ ಇವರ ಬಾಯಲ್ಲಿ 'ದ್ಯ' ಥರ ಕೇಳುತ್ತದೆ, ದ್ಯರ್ಮತಿ ಅಂದ ಹಾಗೆ. ಅದರ ಅರ್ಥ 'ಗ್ಯಾರ್ಮತ್ ಊರಿನವರು' ಅಂತ. ನಮ್ಮಲ್ಲೂ ಊರ ಹೆಸರು ಮುಂದೆ ಹಚ್ಚಿಕೊಳ್ಳುವುದಿಲ್ಲವೇ, ಅದೇ ಲೆಕ್ಕ.

ಎರಡನೆಯದು, ಈ ದೇಶಕ್ಕೆ ಸಮುದ್ರ ಇಲ್ಲ. ಆದರೂ ನೀರಿನ ಹುಚ್ಚು ನೋಡಬೇಕು. ನೆಲದಿಂದ ಬಿಸಿನೀರು ಉಕ್ಕುವ ಊರು ಇದು. ನದಿಯ ನಡುವೆ ಮಾರ್ಗಿತ್ ದ್ವೀಪ ಅಂತ ಇದೆ, ಅಲ್ಲಿ 1930ರಲ್ಲಿ ಕಟ್ಟಿದ ಈಜುಕೊಳ ಈಗಲೂ ನಡೆಯುತ್ತಿದೆ. ಅದರ ನಕ್ಷೆ ಮಾಡಿದವರು ಆಲ್ಫ್ರೆಡ್ ಹಾಯೋಶ್. 1896ರ ಮೊದಲ ಒಲಿಂಪಿಕ್ಸ್‌ನಲ್ಲಿ ಈಜಿ ಹಂಗೇರಿಗೆ ಮೊದಲ ಚಿನ್ನ ತಂದವರು ಅವರೇ. ನಾನು ಚಳಿಗಾಲದಲ್ಲಿ ಒಮ್ಮೆ ಹೋಗಿದ್ದೆ. ಹೊರಗಡೆ ಕೊಳದ ನೀರಿನಿಂದ ಹಬೆ ಏಳುತ್ತಿತ್ತು. ಆ ಹಬೆಯೊಳಗೆ ಹುಡುಗರ ತಲೆ ಕಾಣುತ್ತಿರಲಿಲ್ಲ, ಟೋಪಿ ಮಾತ್ರ ಕಾಣುತ್ತಿತ್ತು. ಚೆಂಡು ಒಂದು ಟೋಪಿಯಿಂದ ಇನ್ನೊಂದು ಟೋಪಿಗೆ ಹೋಗುತ್ತಿತ್ತು, ಒಮ್ಮೆಯೂ ನೀರು ಮುಟ್ಟದೆ. ಎಂಟು ಹತ್ತು ವರ್ಷದ ಮಕ್ಕಳು ಅವು. ಅರ್ಧ ಗಂಟೆ ಚಳಿಯಲ್ಲಿ ನಿಂತು ನೋಡಿದೆ.

ಹಾಗೆ ಚೆಂಡನ್ನು ಗಾಳಿಯಲ್ಲೇ ಹಿಡಿದು ಗಾಳಿಯಲ್ಲೇ ಕೊಡುವುದನ್ನು ರೂಢಿಗೆ ತಂದವರು ಬೇಲಾ ಕೊಮ್ಯಾದಿ ಅನ್ನುವ ಕೋಚ್, 1920ರ ದಶಕದಲ್ಲಿ. 1932 ಮತ್ತು 1936ರಲ್ಲಿ ಹಂಗೇರಿಗೆ ಚಿನ್ನ ಬಂದಿದ್ದು ಆ ಬುನಾದಿಯ ಮೇಲೆ. ಆ ಎರಡೂ ತಂಡಗಳಲ್ಲಿ ಒಲಿವೇರ್ ಹಲಶಿ ಇದ್ದರು, ಅವರಿಗೆ ಎಡಗಾಲಿನ ಪಾದವೇ ಇರಲಿಲ್ಲ. ಗ್ಯಾರ್ಮತಿ ಬೆಳೆದಿದ್ದು ಇಂಥವರ ಹೆಸರು ಕೇಳುತ್ತಲೇ.

ಹಳೇ ಗೋಲಿ

ಕೆರೆ ಏರಿ ಅವರು ಒಂದು ಮುಖ್ಯ ವಿಷಯ ಬಿಟ್ಟರು. ವೇಗ. ಗ್ಯಾರ್ಮತಿ 100 ಮೀಟರ್ ಫ್ರೀಸ್ಟೈಲ್ ಅನ್ನು 58.5 ಸೆಕೆಂಡಿನಲ್ಲಿ ಈಜಿದ್ದವರು. ಅದು ಎಷ್ಟು ದೊಡ್ಡದು ಅಂತ ಹೇಳುತ್ತೇನೆ ಕೇಳಿ. 1948ರ ಒಲಿಂಪಿಕ್ಸ್‌ನಲ್ಲಿ ಅದೇ ಸ್ಪರ್ಧೆಗೆ ಚಿನ್ನ ಬಂದಿದ್ದು 57.3ಕ್ಕೆ. 1952ರಲ್ಲಿ 57.4ಕ್ಕೆ. ಅಂದರೆ ಬರೀ ಈಜೇ ಬದುಕು ಅಂದುಕೊಂಡವರಿಗೂ ಇವರಿಗೂ ಒಂದು ಸೆಕೆಂಡು ಚಿಲ್ಲರೆ ಅಂತರ. ನಮ್ಮ ಸಚಿನ್ ನಾಗ್ 1951ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ 100 ಮೀಟರ್ ಚಿನ್ನ ಗೆದ್ದಿದ್ದು 1 ನಿಮಿಷ 4.7 ಸೆಕೆಂಡಿಗೆ.

ವೇಗಕ್ಕೆ ಇಷ್ಟು ಬೆಲೆ ಬಂದಿದ್ದಕ್ಕೂ ಒಂದು ಕಾರಣ ಇದೆ. 1948ರ ತನಕದ ಆಟದಲ್ಲಿ ರೆಫರಿ ವಿಸಿಲ್ ಊದಿದರೆ ಎಲ್ಲರೂ ಇದ್ದಲ್ಲೇ ನಿಲ್ಲಬೇಕಿತ್ತು. ನಮ್ಮ ಮಕ್ಕಳ ಸ್ಟ್ಯಾಚ್ಯೂ ಆಟದ ಹಾಗೆ. ಅದರಿಂದ ಗಟ್ಟಿ ಮೈಯವರು, ಒಂದೇ ಜಾಗದಲ್ಲಿ ಕಂಬ ಹೂತ ಹಾಗೆ ನಿಲ್ಲುವವರು ಗೆಲ್ಲುತ್ತಿದ್ದರು. ಆಮೇಲೆ ಆ ನಿಯಮ ಹೋಯಿತು. ವಿಸಿಲ್ ಆದ ಮೇಲೂ ಈಜಿಕೊಂಡು ಹೋಗಿ ಜಾಗ ಹಿಡಿಯಬಹುದು ಅಂತಾಯಿತು. ಆಟ ರಾತ್ರೋರಾತ್ರಿ ಬೇರೆಯಾಯಿತು ಅನ್ನಿ. ಹಳಬರಲ್ಲಿ ಎಷ್ಟೋ ಜನರಿಗೆ ಉಸಿರು ಸಾಲಲಿಲ್ಲ. ಗ್ಯಾರ್ಮತಿ ಆಗ ಇಪ್ಪತ್ತೆರಡರ ಹುಡುಗ, ಆ ಹೊಸ ಆಟ ಅವರಿಗೇ ಹೊಲಿಸಿದ ಅಂಗಿಯ ಹಾಗೆ ಕೂತಿತು.

ಚೆಂಡೂ ಬದಲಾಯಿತು. ಮೊದಲು ಚರ್ಮದ್ದು, ನೀರು ಕುಡಿದು ಕುಡಿದು ಭಾರವಾಗುತ್ತಿತ್ತು. ಆಮೇಲೆ ರಬ್ಬರ್ ಬಂತು. ಹೀಗೆ ನಿಯಮ ಬದಲಾಯಿತು, ಚೆಂಡು ಬದಲಾಯಿತು, ಜೊತೆಗಾರರು ಬದಲಾದರು. ಇವರು ಮಾತ್ರ 16 ವರ್ಷ ಅಲ್ಲೇ ಇದ್ದರು.

ಮಾತು ಕಡಿಮೆ

ಎಲ್ಲ ಸರಿ. ಆದರೆ ಪೂಜೆ ಜಾಸ್ತಿ ಆಯಿತು ಅನ್ನಿಸುತ್ತಿದೆ. 1956ರ ಪಂದ್ಯದಲ್ಲಿ ನಿಮ್ಮ ನಾಯಕರೂ ಗುದ್ದಿದ್ದಾರೆ. ಅದು ಕ್ಯಾಮೆರಾದಲ್ಲೇ ಸಿಕ್ಕಿದೆ. ರಷ್ಯಾದವರು ಮಾತ್ರ ರಾಕ್ಷಸರು, ಹಂಗೇರಿಯವರು ಹಾಲು ಕುಡಿಯುವ ಮಕ್ಕಳು ಅಂತ ಬರೆಯಬೇಡಿ. ಇನ್ನೊಂದು, 1952ರ ಚಿನ್ನವೂ 1964ರ ಚಿನ್ನವೂ ಯುಗೊಸ್ಲಾವಿಯಾವನ್ನು ಸೋಲಿಸಿ ಬಂದಿದ್ದಲ್ಲ. ಎರಡೂ ಸಲ ಡ್ರಾ. ಗೋಲ್ ಸರಾಸರಿಯಲ್ಲಿ ಬಂದಿದ್ದು. ಇದನ್ನೂ ಹೇಳಬೇಕು ಅಲ್ವಾ?

ಕೆರೆ ಏರಿ

ಖಂಡಿತ ಹೇಳಬೇಕು. ಗುದ್ದಿದ್ದು ನಿಜ, ಅದನ್ನು ನಾನು ಮುಚ್ಚಿಡುವುದಿಲ್ಲ. ಹೇಳದೆ ಬಿಟ್ಟಿದ್ದು ನನ್ನ ತಪ್ಪು.

ಡ್ರಾ ಬಗ್ಗೆ ಮಾತ್ರ ನಾನು ಒಪ್ಪುವುದಿಲ್ಲ. 1952ರಲ್ಲಿ ಯುಗೊಸ್ಲಾವಿಯಾ ಜೊತೆ 2-2, 1964ರಲ್ಲಿ 4-4. ಸರಿ. ಆದರೆ ಗೋಲ್ ಸರಾಸರಿ ಅಂದರೆ ಚೀಟಿ ಎತ್ತಿದ್ದಲ್ಲ. ಬಾಕಿ ಎಲ್ಲ ಪಂದ್ಯಗಳಲ್ಲಿ ಎಷ್ಟು ಹೊಡೆದಿರಿ, ಎಷ್ಟು ಬಿಟ್ಟಿರಿ ಅನ್ನುವ ಲೆಕ್ಕ ಅದು. ಟೋಕಿಯೋದಲ್ಲಿ ಕೊನೆಯ ಪಂದ್ಯ ಸೋವಿಯತ್ ಜೊತೆ ಇತ್ತು, ಸುಮ್ನೆ ಗೆದ್ದರೆ ಸಾಲುತ್ತಿರಲಿಲ್ಲ, ಅಂತರ ಬೇಕಿತ್ತು. 5-2ರಲ್ಲಿ ಗೆದ್ದರು. ಮನೆಗೆ ಹೋಗುವ ವಯಸ್ಸಿನ ಆಟಗಾರ ಆ ತಂಡದಲ್ಲಿ ಇದ್ದರು. ಅವರ 37ನೇ ಹುಟ್ಟುಹಬ್ಬಕ್ಕೆ ಕೆಲವೇ ದಿನ ಬಾಕಿ ಇತ್ತು. ಒಂದು ಚಿನ್ನದಿಂದ ಇನ್ನೊಂದು ಚಿನ್ನದ ತನಕ 12 ವರ್ಷ. ನೀರಿನಲ್ಲಿ 12 ವರ್ಷ ಅಂದರೆ ಏನು ಅಂತ ಭುಜ ಕೇಳಿದರೆ ಹೇಳುತ್ತದೆ. ನನ್ನ ಭುಜಕ್ಕೆ ಮೂರೇ ವರ್ಷ ಸಾಕಾಯಿತು, ಈಗಲೂ ಮಳೆಗಾಲದಲ್ಲಿ ಅಟ್ಟದ ಮೇಲಿನ ಡಬ್ಬ ಇಳಿಸುವಾಗ ಚಳಕ್ ಅನ್ನುತ್ತದೆ.

ದಾನ್ಯೂಬ್ ದಂಡೆ

ಮೆಲ್ಬರ್ನ್ ಪಂದ್ಯದ ಹಿಂದಿನ ಕಥೆ ಗೊತ್ತಿಲ್ಲದೆ ಆ ಗುದ್ದಾಟ ಅರ್ಥವಾಗುವುದಿಲ್ಲ. ಇಲ್ಲಿ ಅಕ್ಟೋಬರ್ 23 ರಾಷ್ಟ್ರೀಯ ರಜೆ. 1956ರಲ್ಲಿ ಆ ದಿನವೇ ಬುಡಾಪೆಸ್ಟ್‌ನ ಬೀದಿಯಲ್ಲಿ ಸೋವಿಯತ್ ಹಿಡಿತದ ವಿರುದ್ಧ ದಂಗೆ ಶುರುವಾಯಿತು. ದಿನಾಂಕ ನೋಡಿ. ಅದು ಗ್ಯಾರ್ಮತಿಯ ಹುಟ್ಟುಹಬ್ಬ, 29 ತುಂಬಿದ ದಿನ.

ತಂಡ ಆಗ ಊರ ಮೇಲಿನ ಗುಡ್ಡದಲ್ಲಿ ತರಬೇತಿಯಲ್ಲಿತ್ತು. ಕೆಳಗೆ ಗುಂಡಿನ ಸದ್ದು ಕೇಳುತ್ತಿತ್ತು, ಹೊಗೆ ಕಾಣುತ್ತಿತ್ತು. ಅವರನ್ನು ಅಲ್ಲಿಂದ ಚೆಕೊಸ್ಲೊವಾಕಿಯಾಕ್ಕೆ ಸಾಗಿಸಿ, ಅಲ್ಲಿಂದ ಆಸ್ಟ್ರೇಲಿಯಾಕ್ಕೆ ಕಳಿಸಿದರು. ನವೆಂಬರ್ 4ಕ್ಕೆ ಸೋವಿಯತ್ ಟ್ಯಾಂಕುಗಳು ಬುಡಾಪೆಸ್ಟ್‌ಗೆ ನುಗ್ಗಿ ಎಲ್ಲ ಹೊಸಕಿಹಾಕಿದ್ದವು. ಅದರ ಪೂರ್ತಿ ಸುದ್ದಿ ಆಟಗಾರರಿಗೆ ಸಿಕ್ಕಿದ್ದು ಮೆಲ್ಬರ್ನ್‌ನಲ್ಲಿ ಇಳಿದ ಮೇಲೆ. ಮನೆಯವರು ಬದುಕಿದ್ದಾರೋ ಇಲ್ಲವೋ ಗೊತ್ತಿಲ್ಲ. ಆ ಸ್ಥಿತಿಯಲ್ಲಿ ಡಿಸೆಂಬರ್ 6ಕ್ಕೆ ಎದುರು ನಿಂತಿದ್ದು ಅದೇ ಸೋವಿಯತ್ ತಂಡ.

ಹಂಗೇರಿಯವರಿಗೆಲ್ಲ ಶಾಲೆಯಲ್ಲಿ ರಷ್ಯನ್ ಕಡ್ಡಾಯ ಇತ್ತು. ಆ ಭಾಷೆಯನ್ನೇ ಎದುರಾಳಿಗಳನ್ನು ಕೆಣಕಲು ಬಳಸಿದರು. ಸಿಟ್ಟು ಬರಿಸಿದರೆ ಅವರ ಆಟ ಕೆಡುತ್ತದೆ ಅಂತ ಮೊದಲೇ ಯೋಚಿಸಿಕೊಂಡು ಇಳಿದಿದ್ದರು. ನೀರಿನ ಕೆಳಗೆ ಒದೆ, ಮೇಲೆ ಗುದ್ದು, ಎರಡೂ ಕಡೆಯಿಂದ. 4-0 ಆಯಿತು, ಅದರಲ್ಲಿ ಎರಡು ಗೋಲು ಜಾದೋರ್ ಹೊಡೆದಿದ್ದು. ಇನ್ನೇನು ಆಟ ಮುಗಿಯಬೇಕು ಅನ್ನುವಾಗ ವಿಸಿಲ್ ಕೇಳಿ ಜಾದೋರ್ ರೆಫರಿ ಕಡೆ ಮುಖ ತಿರುಗಿಸಿದರು. ಆ ಒಂದು ಕ್ಷಣದಲ್ಲಿ ಸೋವಿಯತ್ ಆಟಗಾರ ವ್ಯಾಲೆಂಟಿನ್ ಪ್ರೊಕೊಪೊವ್ ಕೈ ಬೀಸಿ ಬಂತು. ನೋಡಲು ಬಂದಿದ್ದವರಲ್ಲಿ ಆಸ್ಟ್ರೇಲಿಯಾದಲ್ಲಿ ನೆಲೆಸಿದ್ದ ಹಂಗೇರಿಯವರು ಬಹಳ ಜನ ಇದ್ದರು. ಅವರು ಕೊಳದ ಅಂಚಿಗೆ ನುಗ್ಗಿದರು. ಪೊಲೀಸರು ಸೋವಿಯತ್ ಆಟಗಾರರನ್ನು ಕಾದು ಹೊರಗೆ ಕಳಿಸಬೇಕಾಯಿತು. ರೆಫರಿ ಆಟ ಅಲ್ಲಿಗೇ ನಿಲ್ಲಿಸಿದರು.

ತುಂಬಾ ಜನ ಇದನ್ನು ಫೈನಲ್ ಅಂದುಕೊಂಡಿದ್ದಾರೆ. ಫೈನಲ್ ಅಲ್ಲ. ಮರುದಿನ ಯುಗೊಸ್ಲಾವಿಯಾ ಜೊತೆ ಇನ್ನೊಂದು ಪಂದ್ಯ ಬಾಕಿ ಇತ್ತು. ಜಾದೋರ್ ಹೊಲಿಗೆ ಹಾಕಿಸಿಕೊಂಡು ಹೊರಗೆ ಕೂತರು. ಅವರಿಲ್ಲದೆ 2-1ರಲ್ಲಿ ಗೆದ್ದು ಚಿನ್ನ ಪಡೆದರು.

ಮಾತು ಕಡಿಮೆ

ಈ ಮರುದಿನದ ಪಂದ್ಯ ನನಗೆ ಗೊತ್ತಿರಲಿಲ್ಲ. ಹಿಂದಿನ ದಿನ ಅಷ್ಟೆಲ್ಲ ಆಗಿ, ರಾತ್ರಿ ನಿದ್ದೆ ಬಂದಿರುತ್ತದೋ ಇಲ್ಲವೋ, ಬೆಳಗಾದರೆ ಮತ್ತೆ ಅದೇ ನೀರಿಗೆ ಇಳಿದು ಒಂದು ಗೋಲಿನ ಅಂತರದಲ್ಲಿ ಗೆಲ್ಲುವುದು. ನಾಯಕನ ಕೆಲಸ ಅಂದರೆ ಅದು. ನನ್ನ ಮಾತನ್ನು ಅಷ್ಟರ ಮಟ್ಟಿಗೆ ವಾಪಸ್ ತೆಗೆದುಕೊಳ್ಳುತ್ತೇನೆ. ಗುದ್ದಿದ್ದು ತಪ್ಪೇ, ಅದು ಹಾಗೇ ಇರಲಿ.

ಎಡಗೈ ಹುಡುಗಿ

ಇಲ್ಲಿ ಒಂದು ಹೆಸರು ಬರಲೇ ಇಲ್ಲ. ಅವರ ಹೆಂಡತಿ ಎವಾ ಸೇಕೆಯ್. 1952ರ ಹೆಲ್ಸಿಂಕಿಯಲ್ಲಿ 200 ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಚಿನ್ನ ಅವರದ್ದು. ಅಂದರೆ ಒಂದೇ ಒಲಿಂಪಿಕ್ಸ್‌ನಿಂದ ಗಂಡನೂ ಚಿನ್ನ ತಂದರು, ಹೆಂಡತಿಯೂ ಚಿನ್ನ ತಂದರು.

ಎವಾ ಅವರದ್ದು ಯಹೂದಿ ಮನೆತನ. ಯುದ್ಧದ ಕಾಲದಲ್ಲಿ ಆ ಒಂದೇ ಕಾರಣಕ್ಕೆ ಈಜು ಕ್ಲಬ್‌ನಿಂದ ಹೊರಗೆ ಹಾಕಿದರು. ಕೊನೆಯ ತಿಂಗಳುಗಳಲ್ಲಿ ಬುಡಾಪೆಸ್ಟ್‌ನ ಒಂದು ರಕ್ಷಣಾ ಮನೆಯಲ್ಲಿ, ಎರಡು ಕೋಣೆಯಲ್ಲಿ ನಲವತ್ತು ಚಿಲ್ಲರೆ ಜನರ ಜೊತೆ ಅಡಗಿದ್ದರು. ನೀರು ಇಲ್ಲ, ಕೊಳ ಇಲ್ಲ, ಹೊರಗೆ ಕಾಲಿಡುವ ಹಾಗಿಲ್ಲ. ಮೈ ಬಿಟ್ಟುಹೋಗಬಾರದು ಅಂತ ದಿನಾ ಐದು ಅಂತಸ್ತಿನ ಮೆಟ್ಟಿಲನ್ನು ನೂರು ಸಲ ಹತ್ತಿ ಇಳಿದರಂತೆ. ನೂರು ಸಲ. ನಾನು ಲಿಫ್ಟ್ ಕೆಟ್ಟ ದಿನ ನಾಲ್ಕನೇ ಮಹಡಿಗೆ ಹತ್ತುವಾಗಲೆಲ್ಲ ಈಗ ಅವರನ್ನು ನೆನೆಯುತ್ತೇನೆ.

1956ರಲ್ಲಿ ಇಬ್ಬರೂ ಮೆಲ್ಬರ್ನ್‌ನಲ್ಲಿದ್ದಾಗ ಎರಡು ವರ್ಷದ ಮಗಳು ಬುಡಾಪೆಸ್ಟ್‌ನಲ್ಲಿ. ಊರಿಗೆ ಟ್ಯಾಂಕ್ ಬಂದಿದೆ ಅಂತ ಗೊತ್ತು, ಮಗು ಹೇಗಿದೆ ಅಂತ ಗೊತ್ತಿಲ್ಲ. ಆ ತಾಯಿ ಆ ಸಂಕಟ ಹೊತ್ತುಕೊಂಡೇ ಈಜಿ ಬೆಳ್ಳಿ ತಂದರು. ಮೇಲೆ ನೀವೆಲ್ಲ ಗುದ್ದಿನ ಬಗ್ಗೆ ಮಾತಾಡುವಾಗ ನನಗೆ ಆ ಮಗುವಿನದೇ ಯೋಚನೆ ಆಗುತ್ತಿತ್ತು. ನನ್ನ ಮಗನಿಗೂ ಎರಡು ವರ್ಷ.

ಹಳೇ ಗೋಲಿ

ಆ ಮಗು ಆಂಡ್ರಿಯಾ ಗ್ಯಾರ್ಮತಿ. ದೊಡ್ಡವಳಾಗಿ 1972ರ ಮ್ಯೂನಿಕ್‌ನಲ್ಲಿ 100 ಮೀಟರ್ ಬ್ಯಾಕ್‌ಸ್ಟ್ರೋಕ್ ಬೆಳ್ಳಿ, 100 ಮೀಟರ್ ಬಟರ್‌ಫ್ಲೈ ಕಂಚು ಗೆದ್ದರು. ಅದೇ ಮ್ಯೂನಿಕ್‌ನಲ್ಲಿ ಅಪ್ಪ ಹಂಗೇರಿ ವಾಟರ್ ಪೋಲೋ ತಂಡದ ಕೋಚ್ ಆಗಿ ಕೊಳದ ಅಂಚಲ್ಲಿ ನಿಂತಿದ್ದರು, ತಂಡಕ್ಕೆ ಬೆಳ್ಳಿ ಬಂತು. ಆಂಡ್ರಿಯಾ ಮದುವೆಯಾದ ಮಿಹಾಯ್ ಹೆಸ್ ಕೂಡ 1968ರ ಒಲಿಂಪಿಕ್ಸ್ ಕಯಾಕ್ ಚಾಂಪಿಯನ್. ಒಂದೇ ಮನೆಯ ಗೋಡೆಗೆ ಎಷ್ಟು ಮೊಳೆ ಹೊಡೆಯಬೇಕಾಗಿತ್ತೋ!

ಸೋರೆಬುರುಡೆ

ಹಾಗಾದರೆ ಆ 1956ರ ನಂತರ ಅವರು ಊರಿಗೆ ವಾಪಸ್ ಹೋದರೇ? ಜಾದೋರ್ ಅಮೆರಿಕಕ್ಕೆ ಹೋದರು ಅಂತ ಎಲ್ಲೋ ಓದಿದ ನೆನಪು.

ದಾನ್ಯೂಬ್ ದಂಡೆ

ಜಾದೋರ್ ವಾಪಸ್ ಬರಲೇ ಇಲ್ಲ. ಅಮೆರಿಕದಲ್ಲಿ ಈಜು ಕೋಚ್ ಆದರು, ಮುಂದೆ ಈಜಿನಲ್ಲಿ ದೊಡ್ಡ ಹೆಸರು ಮಾಡಿದ, ಆಗ ಚಿಕ್ಕ ಹುಡುಗನಾಗಿದ್ದ ಮಾರ್ಕ್ ಸ್ಪಿಟ್ಸ್‌ಗೆ ಸ್ವಲ್ಪ ಕಾಲ ಕಲಿಸಿದರು. ಗ್ಯಾರ್ಮತಿ ದಂಪತಿ ಕೂಡ ಪಶ್ಚಿಮಕ್ಕೆ ಹೋಗಿ ಸ್ವಲ್ಪ ಕಾಲ ಇದ್ದರು. ಆಮೇಲೆ ಎವಾ ಅವರ ತಂದೆತಾಯಿಯನ್ನು ನೋಡಿಕೊಳ್ಳಲು ವಾಪಸ್ ಬಂದರು. ಆಡಲು ಮತ್ತೆ ಅವಕಾಶ ಸಿಕ್ಕಿತು, 1960ರ ಕಂಚು, 1964ರ ಚಿನ್ನ ಬಂದಿದ್ದು ಅದಾದ ಮೇಲೆ.

ವಯಸ್ಸಾದ ಅಪ್ಪ ಅಮ್ಮನಿಗಾಗಿ ವಾಪಸ್ ಹೋಗುವುದು. ಇದನ್ನು ನಾನು ಪರದೇಶದಲ್ಲಿ ಕೂತು ಬರೆಯುತ್ತಿದ್ದೇನೆ. ಪ್ರತಿ ಭಾನುವಾರ ಫೋನಿನಲ್ಲಿ ಅಮ್ಮ ಮಂಡಿ ನೋವಿನ ಬಗ್ಗೆ ಹೇಳಿ, ಆಮೇಲೆ 'ಏನಿಲ್ಲ ಬಿಡು, ನೀನು ಊಟ ಮಾಡಿದೆಯಾ' ಅನ್ನುತ್ತಾರೆ. ಅವರು ಅಂಥ ಕಾಲದಲ್ಲಿ, ಅಂಥ ಸರ್ಕಾರದ ಕೈಗೆ ವಾಪಸ್ ಹೋದರು. ನನಗೆ ಐದು ಪದಕಕ್ಕಿಂತ ಇದೇ ದೊಡ್ಡದಾಗಿ ಕಾಣುತ್ತದೆ.

ಕೆರೆ ಏರಿ

ಕೋಚ್ ಆಗಿ ಅವರ ಕೆಲಸ ಬೇರೆಯದೇ ಒಂದು ಎಳೆಗೆ ಆಗುವಷ್ಟಿದೆ. ಆದರೂ ಒಂದು ಮಾತು. 1973ರಲ್ಲಿ ಬೆಲ್‌ಗ್ರೇಡ್‌ನಲ್ಲಿ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆದಾಗ ಹಂಗೇರಿ ಗೆದ್ದಿದ್ದು ಇವರ ಕೈಕೆಳಗೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್ ಚಿನ್ನವೂ ಹಾಗೇ. ಅಲ್ಲಿ ಒಂದು ಚಂದದ ವಿಷಯ ಇದೆ. 1952 ಮತ್ತು 1956ರಲ್ಲಿ ಗ್ಯಾರ್ಮತಿ ಜೊತೆ ಆಡಿದ ಇಶ್ತ್ವಾನ್ ಸಿವೋಶ್ ಅಂತ ಇದ್ದರು. ಅವರ ಮಗ, ಅದೇ ಹೆಸರಿನವನು, ಮಾಂಟ್ರಿಯಲ್‌ನಲ್ಲಿ ಗ್ಯಾರ್ಮತಿಯ ತಂಡದಲ್ಲಿ ಆಡಿದ. ಅಪ್ಪನ ಜೊತೆ ಚಿನ್ನ ಗೆದ್ದವರು, ಮಗನಿಗೆ ಚಿನ್ನ ಗೆಲ್ಲುವುದನ್ನು ಹೇಳಿಕೊಟ್ಟರು.

ಇನ್ನೊಬ್ಬ ಹಳೆಯ ಜೊತೆಗಾರ ಗ್ಯೋರ್ಗಿ ಕಾರ್ಪಾತಿ ಅದೇ ತಂಡಕ್ಕೆ ಸಹಾಯಕ ಕೋಚ್. ಕಾರ್ಪಾತಿಗೂ ಮೂರು ಚಿನ್ನ, ಒಂದು ಕಂಚು. 1952ರಲ್ಲಿ ಆಡುವಾಗ ಆತನಿಗೆ ಇನ್ನೂ 17 ವರ್ಷ.

ಹಳೇ ಗೋಲಿ

ಕಾರ್ಪಾತಿ ಹೆಸರು ಬಂದಿದ್ದು ಒಳ್ಳೆಯದಾಯಿತು. ನನ್ನನ್ನು ಕೇಳಿದರೆ ಗೋಲು ಹೊಡೆಯುವುದರಲ್ಲಿ ಕಾರ್ಪಾತಿಯೇ ಒಂದು ಕೈ ಮೇಲು. ಆದರೆ ಯಾರಾದರೂ ಬಂದು 'ಒಬ್ಬರನ್ನೇ ಆರಿಸಿಕೋ, ಅವರನ್ನು ಕೊಳದ ಯಾವ ಮೂಲೆಯಲ್ಲಾದರೂ ನಿಲ್ಲಿಸುತ್ತೇವೆ' ಅಂದರೆ ನಾನು ಗ್ಯಾರ್ಮತಿಯನ್ನೇ ತೆಗೆದುಕೊಳ್ಳುತ್ತೇನೆ. ನಾನು ಗೋಲ್‌ಕೀಪರ್ ಆಗಿದ್ದವನು. ನನಗೆ ಹೆದರಿಕೆ ಆಗುತ್ತಿದ್ದುದು ಜೋರಾಗಿ ಹೊಡೆಯುವವರಿಂದಲ್ಲ. ಚೆಂಡು ಕೈಯಿಂದ ಬಿಡುವ ತನಕ ಎಲ್ಲಿಂದ ಬರುತ್ತದೆ ಅಂತ ಗೊತ್ತಾಗದವರಿಂದ. ನಾವು ಕೀಪರ್‌ಗಳು ನೋಡುವುದು ಭುಜವನ್ನು. ಭುಜ ಯಾವ ಕಡೆ ತೆರೆಯಿತೋ ಆ ಕಡೆ ಕಾಲು ಒದ್ದು ಮೇಲೇಳುತ್ತೇವೆ. ಎರಡೂ ಭುಜ ತೆರೆಯುವವನ ಎದುರು ಕಾಲು ಯಾವ ಕಡೆ ಒದೆಯುವುದು?

ಸೋರೆಬುರುಡೆ

ಭಾರತ ಈ ಆಟವನ್ನು ಒಲಿಂಪಿಕ್ಸ್‌ನಲ್ಲಿ ಯಾವಾಗಾದರೂ ಆಡಿದೆಯೇ?

ಹಳೇ ಗೋಲಿ

ಆಡಿದೆ, ಎರಡು ಸಲ. 1948ರ ಲಂಡನ್, 1952ರ ಹೆಲ್ಸಿಂಕಿ. ಗ್ಯಾರ್ಮತಿಯ ಮೊದಲ ಎರಡು ಒಲಿಂಪಿಕ್ಸ್‌ಗಳೇ ಅವು. ಲಂಡನ್‌ನಲ್ಲಿ ಚಿಲಿಯನ್ನು 7-4ರಲ್ಲಿ ಸೋಲಿಸಿದೆವು, ಅದರಲ್ಲಿ ನಾಲ್ಕು ಗೋಲು ಮೇಲೆ ಹೇಳಿದೆನಲ್ಲ, ಅದೇ ಸಚಿನ್ ನಾಗ್ ಹೊಡೆದಿದ್ದು. 1951ರ ಏಷ್ಯನ್ ಗೇಮ್ಸ್‌ನಲ್ಲಿ ವಾಟರ್ ಪೋಲೋ ಚಿನ್ನವೂ ನಮ್ಮದೇ. ಆಮೇಲೆ ಒಲಿಂಪಿಕ್ಸ್‌ಗೆ ಹೋಗಲೇ ಇಲ್ಲ. ನಾವು ಆಡುವಾಗ ಬೆಂಗಳೂರಿನ ಕೊಳದಲ್ಲಿ ಅಭ್ಯಾಸಕ್ಕೆ ಸಂಜೆ ಒಂದು ಗಂಟೆ ಕೊಡುತ್ತಿದ್ದರು. ಅದರಲ್ಲಿ ಗೋಲು ಕಟ್ಟಿ ಬಿಚ್ಚುವುದಕ್ಕೇ ಇಪ್ಪತ್ತು ನಿಮಿಷ ಹೋಗುತ್ತಿತ್ತು. ಉಳಿದ ನಲವತ್ತು ನಿಮಿಷದಲ್ಲಿ ಎಡಗೈ ಯಾರು ಕಲಿಯುತ್ತಾರೆ ಹೇಳಿ. ಬಲಗೈ ಕಲಿತರೆ ಸಾಕು ಅನ್ನಿಸುತ್ತಿತ್ತು.

ದಾನ್ಯೂಬ್ ದಂಡೆ

ಗ್ಯಾರ್ಮತಿ ಆಮೇಲೆ ಸಂಸತ್ ಸದಸ್ಯರೂ ಆಗಿದ್ದರು. 2013ರ ಆಗಸ್ಟ್ 18ರಂದು ಬುಡಾಪೆಸ್ಟ್‌ನಲ್ಲಿ ತೀರಿಕೊಂಡರು, 85 ವರ್ಷ. ಆ ತಿಂಗಳ ಶುರುವಿನಲ್ಲೇ ಬಾರ್ಸಿಲೋನಾದಲ್ಲಿ ಹಂಗೇರಿ ಮತ್ತೆ ವಿಶ್ವ ಚಾಂಪಿಯನ್ ಆಗಿತ್ತು. ಆ ತಂಡದಲ್ಲಿ ಮಾರ್ಟೋನ್ ಸಿವೋಶ್ ಅಂತ ಒಬ್ಬ ಹುಡುಗ ಇದ್ದ. ಮೇಲೆ ಹೇಳಿದ ಸಿವೋಶ್ ಮನೆಯ ಮೂರನೇ ತಲೆಮಾರು. ಎವಾ ಅವರು 2020ರ ಫೆಬ್ರವರಿ 29ರವರೆಗೆ ಇದ್ದರು.

ಎಡಗೈ ಹುಡುಗಿ

ನನ್ನ ಮಗ ನಿನ್ನೆ ಸ್ಪೂನನ್ನು ಎಡಗೈಯಲ್ಲಿ ಹಿಡಿದ. ನಮ್ಮ ಅತ್ತೆ ಬಲಗೈಗೆ ಬದಲಾಯಿಸಲು ಹೋದರು. 'ಇರಲಿ ಬಿಡಿ ಅತ್ತೆ' ಅಂದೆ. ಯಾಕೆ ಅಂತ ಕೇಳಿದರು. ಈ ಎಳೆಯ ಕಥೆಯನ್ನೆಲ್ಲ ಕೂರಿಸಿಕೊಂಡು ಹೇಳಿದೆ, ಮೆಟ್ಟಿಲು ಹತ್ತಿದ್ದನ್ನೂ ಸೇರಿಸಿ. ಅವರು ಪೂರ್ತಿ ಕೇಳಿಸಿಕೊಂಡು, 'ಆ ಹೆಂಗಸಿಗೆ ಮಗು ಕ್ಷೇಮ ಅಂತ ಯಾವಾಗ ಗೊತ್ತಾಯಿತು' ಅಂತ ಕೇಳಿದರು.

ಕೆರೆ ಏರಿ

ಇವತ್ತು ಬೆಳಿಗ್ಗೆ ಎಷ್ಟೋ ವರ್ಷದ ಮೇಲೆ ಚೆಂಡು ತೆಗೆದುಕೊಂಡು ಕೊಳಕ್ಕೆ ಹೋಗಿದ್ದೆ. ಗಾಳಿ ಕಮ್ಮಿಯಾಗಿ ಮೆತ್ತಗಿತ್ತು, ಸೈಕಲ್ ಅಂಗಡಿಯವರು ತುಂಬಿಸಿಕೊಟ್ಟರು. ನೀರಿಗಿಳಿದು ಎಡಗೈಯಲ್ಲಿ ಗೋಡೆಗೆ ಹೊಡೆಯಲು ನೋಡಿದೆ. ಮೊದಲ ಐದಾರು ಸಲ ಗೋಡೆಯ ತನಕ ಹೋಗಲೇ ಇಲ್ಲ, ಮುಂದೆಯೇ ತಪ್ಪಂತ ಬಿತ್ತು. ಕೈ ಹಿಂದಕ್ಕೆ ಎಳೆದ ಕೂಡಲೇ ಬಲಗಡೆಗೆ ವಾಲಿ ನೀರಿನೊಳಗೆ ಹೋಗುತ್ತಿದ್ದೆ. ಆಮೇಲೆ ತಿಳಿಯಿತು, ಕೈಗಿಂತ ಮೊದಲು ಕಾಲು ಕಲಿಯಬೇಕು, ಬಲಗಾಲು ಜಾಸ್ತಿ ಒದೆಯಬೇಕು. ಹಾಗೆ ಮಾಡಿದ ಮೇಲೆ ಎರಡು ಸಲ ಗೋಡೆಗೆ ತಗುಲಿತು.

ಮುಂದಿನ ಭಾನುವಾರ ಆರೂವರೆಗೆ ಮತ್ತೆ ಹೋಗುತ್ತೇನೆ. ಹಳೇ ಗೋಲಿ ಅವರೇ, ನೀವು ಬೆಂಗಳೂರಿನಲ್ಲೇ ಇದ್ದರೆ ಬನ್ನಿ. ಗೋಲು ಕಟ್ಟುವುದು ಬೇಡ, ಗೋಡೆ ಮುಂದೆ ನಿಂತರೆ ಸಾಕು.

ಹಳೇ ಗೋಲಿ

ಬರುತ್ತೇನೆ. ಟೋಪಿ ಇದ್ದರೆ ಎರಡು ತನ್ನಿ, ನನ್ನದರ ಕಿವಿಯ ಕಡೆ ಹರಿದಿದೆ.